ಮ್ಯಾಟ್ರಿಕ್ಸ್ ಮತ್ತೆ ನೋಡೋಕ್ ಕೂತ್ರೆ ಯಾವ ಥಿಯರಿ ಹಿಡ್ಕೋಬೇಕು, ಯಾವ್ದು ಬಿಡ್ಬೇಕು

ನನ್ ತಮ್ಮ ಈ ಸಲ ರಜೆಗೆ ಬಂದಾಗ ಮ್ಯಾಟ್ರಿಕ್ಸ್ ಸಿನಿಮಾಗಳನ್ನ ಮೊದಲ್ನೇದ್ರಿಂದ ಸಾಲಾಗಿ ನೋಡೋಣ ಅಂತ ಹಠ ಹಿಡ್ದ. ಎರಡು ರಾತ್ರಿ ಕೂತು ಮೂರು ಮುಗಿಸಿದ್ವಿ, ಮೂರನೇದ್ರ ಕೊನೇಲಿ ಹೆಸರುಗಳು ಓಡ್ತಾ ಇರೋವಾಗ ಅವ್ನು ಎದ್ದು ಕೂತು ಕೇಳ್ದ, "ಅಕ್ಕಾ, ಹಾಗಾದ್ರೆ ಝಯಾನ್ ನಿಜಾನಾ ಅದೂ ಸುಳ್ಳಾ? ನಿಯೋ ಗೆದ್ನಾ, ಇಲ್ಲ ಮಷೀನ್‌ಗಳೇ ಗೆಲ್ಲೋಕ್ ಬಿಟ್ವಾ?" ಮಷೀನ್‌ಗಳು ಮನುಷ್ಯರನ್ನ ತೊಟ್ಟೀಲಿಟ್ಟು ಅವರ ಮೆದುಳಿಗೆ ತೋರಿಸೋ ಸುಳ್ಳು ಲೋಕಾನೇ ಮ್ಯಾಟ್ರಿಕ್ಸ್, ಅದರಿಂದ ಎದ್ದು ಬಂದೋರ ಊರು ಝಯಾನ್, ಅವರ ಪರ ಹೋರಾಡೋ ಹೀರೋ ನಿಯೋ. ಇದೇ ಪ್ರಶ್ನೆ 2003ರಿಂದ ಜನ ಕೇಳ್ತಾನೇ ಇದಾರೆ, ಅದಕ್ಕೆ ಉತ್ತರ ಅಂತ ಹತ್ತಾರು ಥಿಯರಿ ಹುಟ್ಕೊಂಡಿವೆ, ಒಂದನ್ನ ಒಪ್ಕೊಂಡ್ರೆ ಇನ್ನೊಂದು ಬಿದ್ದೋಗುತ್ತೆ. ಅವ್ನಿಗೆ ಅವತ್ತು ರಾತ್ರಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಿದೀನಿ, ಯಾಕಂದ್ರೆ ಇದು ಸುಮ್ನೆ ಟೈಮ್‌ಪಾಸ್ ವಾದ ಅಲ್ಲ ಅಂತ ನನಗೆ ಅನ್ಸುತ್ತೆ, ನೀವು ಯಾವ ಥಿಯರಿ ಆರಿಸ್ಕೋತೀರೋ ಅದರ ಮೇಲೆ ಇಡೀ ಕಥೇಲಿ ಬಂಡಾಯ ಅನ್ನೋದಕ್ಕೆ ಬೆಲೆ ಇದ್ಯೋ ಇಲ್ವೋ ಅನ್ನೋದೇ ತೀರ್ಮಾನ ಆಗೋಗುತ್ತೆ.

ಸಿನಿಮಾ ನೋಡ್ದೇ ಇರೋರು ಇಲ್ಲೇ ನಿಲ್ಸಿ, ಮುಂದೆ ಎಲ್ಲಾ ಬಯಲಾಗುತ್ತೆ. ನೋಡಿದೋರಿಗೆ ನೆನಪಿಗೋಸ್ಕರ ಇಷ್ಟು: ಮೊದಲ್ನೇದು 1999, ಎರಡನೇದು ರೀಲೋಡೆಡ್ 2003ರ ಮೇ ತಿಂಗಳು, ಮೂರನೇದು ರೆವಲ್ಯೂಷನ್ಸ್ ಅದೇ ವರ್ಷ ನವೆಂಬರ್, ಅದೇ ವರ್ಷ ಅನಿಮೇಟ್ರಿಕ್ಸ್ ಅನ್ನೋ ಪುಟ್ಟ ಅನಿಮೇಷನ್ ಕಥೆಗಳ ಗುಚ್ಛ, ಆಮೇಲೆ 2021ರಲ್ಲಿ ರಿಸರಕ್ಷನ್ಸ್. ಮೊದಲ ಮೂರನ್ನ ವಾಚೊವ್‌ಸ್ಕಿ ಅಕ್ಕತಂಗಿ ಇಬ್ರೂ ಸೇರಿ ಮಾಡಿದ್ದು, ಕೊನೇದು ಲಾನಾ ಒಬ್ರೇ.

ನಾನು ಯಾವ್ದೇ ಥಿಯರಿ ಕೇಳಿದ್ರೂ ಎರಡು ವಿಷಯ ನೋಡ್ತೀನಿ. ಅದು ಎಷ್ಟು ಸೀನ್‌ಗಳನ್ನ ಬಿಡ್ಸಿ ಹೇಳುತ್ತೆ ಅನ್ನೋದು ಒಂದು, ಇದನ್ನ ಎಲ್ರೂ ನೋಡ್ತಾರೆ. ಎರಡನೇದನ್ನ ಜಾಸ್ತಿ ಜನ ನೋಡಲ್ಲ, ಅದು ಯಾವ ಸೀನ್‌ಗಳನ್ನ ನಮ್ಮಿಂದ ಕಿತ್ಕೊಳ್ಳುತ್ತೆ ಅನ್ನೋದು. ಯಾವ್ದೋ ಒಂದು ಓರೆಕೋರೆ ಸರಿ ಮಾಡೋಕೆ ಹೋಗಿ ಕಥೆಯ ಜೀವಾನೇ ತೆಗೆದುಬಿಡೋ ಥಿಯರಿಗಳಿವೆ, ಅಂಥದ್ದಕ್ಕಿಂತ ಆ ಓರೆಕೋರೇನೇ ವಾಸಿ.

ಮೊದಲು ಎಲ್ಲಕ್ಕಿಂತ ಫೇಮಸ್ ಆಗಿರೋದು, ಅಂದ್ರೆ ಮ್ಯಾಟ್ರಿಕ್ಸ್ ಒಳಗೆ ಇನ್ನೊಂದು ಮ್ಯಾಟ್ರಿಕ್ಸ್. ಝಯಾನ್, ಹಡಗುಗಳು, ಸುಟ್ಟ ಆಕಾಶ, ಎಲ್ಲಾ ಇನ್ನೊಂದು ಪದರದ ಸಿಮ್ಯುಲೇಷನ್ನೇ, ಎದ್ವಿ ಅಂದ್ಕೊಂಡೋರು ಯಾರೂ ಎದ್ದೇ ಇಲ್ಲ ಅಂತ. ಇದು ಎಲ್ಲಿಂದ ಬಂತು ಅಂದ್ರೆ ರೀಲೋಡೆಡ್ ಕೊನೇ ಸೀನಿಂದ. ನಿಯೋ ಹೊರಗಿನ ಲೋಕದಲ್ಲಿದಾನೆ, ಕತ್ತಿನ ಹಿಂದೆ ಕೇಬಲ್ ಇಲ್ಲ, ಆದ್ರೂ ಕೈ ಎತ್ತಿದ ತಕ್ಷಣ ಅಟ್ಟಿಸ್ಕೊಂಡ್ ಬರ್ತಿದ್ದ ಕೊಲೆಗಡುಕ ಮಷೀನ್‌ಗಳು, ಅಂದ್ರೆ ಸೆಂಟಿನೆಲ್‌ಗಳು ಸತ್ತು ಬೀಳ್ತವೆ. ಒಳಗಿನ ಶಕ್ತಿ ಹೊರಗೆ ಕೆಲಸ ಮಾಡ್ಬೇಕಂದ್ರೆ ಹೊರಗೂ ಒಳಗೇನೇ ಇರ್ಬೇಕಲ್ವಾ. ಅದರ ಜೊತೆಗೆ ಮ್ಯಾಟ್ರಿಕ್ಸ್ ಕಾಯೋ ಏಜೆಂಟ್ ಪ್ರೋಗ್ರಾಮ್ ಆಗಿದ್ದ ಸ್ಮಿತ್, ಬೇನ್ ಅನ್ನೋ ಮನುಷ್ಯನ ಮೈಯಲ್ಲಿ ಸೇರ್ಕೊಂಡು ಹೊರಗೆ ಓಡಾಡ್ತಾನೆ. ಇನ್ನೊಂದು, ಮ್ಯಾಟ್ರಿಕ್ಸ್ ಕಟ್ಟಿದ ಪ್ರೋಗ್ರಾಮ್ ಆರ್ಕಿಟೆಕ್ಟ್ ಬಾಯಲ್ಲೇ ಬರುತ್ತೆ, ಆಯ್ಕೆ ಇದೆ ಅಂತ ಒಳಮನಸ್ಸಿಗೆ ಅನ್ಸಿದ್ರೆ ಸಾಕು ಹತ್ರತ್ರ 99 ಪರ್ಸೆಂಟ್ ಜನ ಈ ಲೋಕಾನ ಒಪ್ಕೋತಾರೆ ಅಂತ, ಹಾಗಿದ್ಮೇಲೆ ಒಪ್ಪದೇ ಇರೋ ಆ ಚೂರು ಜನಕ್ಕೆ "ನೀವು ತಪ್ಪಿಸ್ಕೊಂಡ್ರಿ" ಅನ್ನೋ ಇನ್ನೊಂದು ಕನಸು ಕಟ್ಟಿಕೊಡೋದು ಮಷೀನ್‌ಗಳಿಗೆ ಎಷ್ಟು ಸುಲಭ. ಮೇಯಿಂದ ನವೆಂಬರ್‌ವರೆಗೆ ಆರು ತಿಂಗಳು ಜನ ಆ ಸೀನನ್ನೇ ತಲೇಲಿಟ್ಕೊಂಡು ಕಾದ್ರು, ಆ ಗ್ಯಾಪಲ್ಲಿ ಇಂಥ ಥಿಯರಿ ಬೆಳೀದೇ ಇರೋಕೆ ಸಾಧ್ಯಾನೇ ಇರ್ಲಿಲ್ಲ.

ನಮ್ಮೋರಿಗೆ ಇದು ಬೇಗ ಹಿಡ್ಸುತ್ತೆ, ಎಲ್ಲಾ ಮಾಯೆ ಅನ್ನೋ ಮಾತು ಚಿಕ್ಕೋರಿದ್ದಾಗ್ಲಿಂದ ಕಿವಿಗೆ ಬಿದ್ದಿರುತ್ತಲ್ಲ. ನಾನೂ ಒಂದಷ್ಟು ವರ್ಷ ಇದನ್ನೇ ನಂಬಿದ್ದೆ, ಆಮೇಲೆ ಬಿಟ್ಟೆ. ಬಿಟ್ಟಿದ್ದಕ್ಕೆ ಒಂದು ಕಾರಣ, ಆ ಸೀನ್‌ಗಳಿಗೆ ಕಥೆಯೊಳಗೇ ಬೇರೆ ಉತ್ತರ ಇದೆ. ನಿಯೋನ ಕಥೇಲಿ ಒನ್ ಅಂತಾರೆ, ಎಲ್ರನ್ನೂ ಬಿಡಿಸೋಕೆ ಬರ್ತಾನೆ ಅಂತ ಭವಿಷ್ಯವಾಣೀಲಿ ಇರೋನು. ಮೂರನೇದ್ರಲ್ಲಿ ಭವಿಷ್ಯ ಹೇಳೋ ಅಜ್ಜಿ, ಒರಾಕಲ್ ಅನ್ನೋ ಪ್ರೋಗ್ರಾಮ್, ಹೇಳ್ತಾಳೆ, ಒನ್‌ನ ಶಕ್ತಿ ಈ ಲೋಕಕ್ಕೆ ಮಾತ್ರ ಅಲ್ಲ, ಅದು ಹುಟ್ಟಿದ ಮೂಲದವರೆಗೂ (ಮಷೀನ್‌ಗಳ ಕೇಂದ್ರ) ಚಾಚಿದೆ ಅಂತ. ತುಂಬಾ ಜನಕ್ಕೆ ಇದು ಸಾಲ್ಲಿಲ್ಲ, ಆದ್ರೆ ಯೋಚ್ನೆ ಮಾಡಿ, ನಿಯೋ ಮೈ ಬೆಳೆದಿದ್ದೇ ಮಷೀನ್ ತೊಟ್ಟೀಲಿ, ಕತ್ತು ಬೆನ್ನು ಕೈ ತುಂಬಾ ಅವರು ಕೂರ್ಸಿರೋ ಪ್ಲಗ್‌ಗಳು, ಅವನ ಒಳಗೆ ಮೂಲಕ್ಕೆ ವಾಪಸ್ ಹೋಗ್ಬೇಕಾದ ಕೋಡ್ ಬೇರೆ ಇದೆ. ವೈರ್ ಇಲ್ದೆ ಮಾತಾಡೋ ಫೋನನ್ನ ಜೇಬಲ್ಲಿಟ್ಕೊಂಡಿರೋ ನಮಗೆ ಇದು ನಂಬೋಕೆ ಕಷ್ಟ ಆಗ್ಬಾರ್ದು. ಸ್ಮಿತ್ ವಿಷಯ ಇನ್ನೂ ಸಲೀಸು. ಮೊದಲ್ನೇ ಸಿನಿಮಾದಲ್ಲೇ ಕೇಬಲ್ ಮೂಲಕ ಕುಂಗ್‌ಫೂನ ನಿಯೋ ಮೆದುಳಿಗೆ ಇಳಿಸ್ತಾರೆ, ಒಂದು ವಿದ್ಯೆಯನ್ನ ಮೆದುಳಲ್ಲಿ ಬರೀಬೋದು ಅಂದ್ಮೇಲೆ ಒಂದು ಪ್ರೋಗ್ರಾಮನ್ನೂ ಬರೀಬೋದು, ಬೇನ್ ಫೋನ್ ಲೈನ್ ಮೂಲಕ ವಾಪಸ್ ಬರೋವಾಗ ಬಂದಿದ್ದು ಬೇನ್ ಅಲ್ಲ ಅಷ್ಟೇ.

ದೊಡ್ಡ ಕಾರಣ ಆ ಎರಡನೇ ಪರೀಕ್ಷೆ, ಏನು ಕಿತ್ಕೊಳ್ಳುತ್ತೆ ಅನ್ನೋದು. ಮೂರನೇದ್ರಲ್ಲಿ ನಿಯೋ ಪ್ರೀತಿಸೋ ಟ್ರಿನಿಟಿ ಹಡಗನ್ನ ಮೋಡದ ಮೇಲಕ್ಕೆ ಏರಿಸ್ತಾಳೆ, ಒಂದೆರಡು ಕ್ಷಣ ನಿಜವಾದ ಆಕಾಶ ನೋಡ್ತಾಳೆ, ನಿಜವಾದ ಸೂರ್ಯ, ಪಕ್ಕದಲ್ಲಿ ಕೂತಿರೋ ನಿಯೋಗೆ ಕಣ್ಣಿಲ್ಲ, ಅವಳೊಬ್ಳೇ ನೋಡೋದು. ಆಮೇಲೆ ಕೆಳಗೆ ಬಿದ್ದು ಸಾಯ್ತಾಳೆ. ಅದೂ ಸುಳ್ಳು ಆಕಾಶ ಅಂದ್ಬಿಟ್ರೆ ಆ ಸೀನಲ್ಲಿ ಉಳಿಯೋದೇನು? ತನ್ನೋರಿಗೇ ದ್ರೋಹ ಮಾಡೋ ಸೈಫರ್ ತುಂಡು ಮಾಂಸ ಬಾಯಿಗಿಡ್ತಾ ಇದು ಸುಳ್ಳು ಅಂತ ಗೊತ್ತು ಆದ್ರೂ ನನಗಿದೇ ಬೇಕು ಅಂತಾನಲ್ಲ, ಆ ಆಯ್ಕೇನೂ ಅರ್ಥ ಕಳ್ಕೊಳ್ಳುತ್ತೆ, ಎರಡು ಸುಳ್ಳುಗಳ ಮಧ್ಯೆ ರುಚಿಯಾಗಿರೋ ಸುಳ್ಳು ಆರಿಸ್ಕೊಂಡ ಅಷ್ಟೇ ಆಗುತ್ತೆ. ಜೊತೆಗೆ ಈ ಥಿಯರಿಗೆ ತಳಾನೇ ಇಲ್ಲ, ಎರಡು ಪದರ ಅಂದ್ರೆ ಮೂರು ಯಾಕಿರ್ಬಾರ್ದು, ಈರುಳ್ಳಿ ಸುಲೀತಾ ಹೋದ್ರೆ ಕೊನೆಗೆ ಕೈಯಲ್ಲಿ ಏನೂ ಇರಲ್ಲ. 2021ರ ಸಿನಿಮಾನೂ ಹೊರಗಿನ ಲೋಕಾನ ನಿಜ ಅಂತಾನೇ ಇಟ್ಕೊಂಡಿದೆ, 60 ವರ್ಷ ಕಳೆದಿದೆ, ಆಗ ಹಡಗಿನ ಕ್ಯಾಪ್ಟನ್ ಆಗಿದ್ದ ನಿಯೋಬಿ ಮುದುಕಿ ಆಗಿದಾಳೆ, ಅಯೋ ಅನ್ನೋ ಹೊಸ ಊರಲ್ಲಿ ಮನುಷ್ಯರೂ ಕೆಲವು ಮಷೀನ್‌ಗಳೂ ಒಟ್ಟಿಗೆ ಸ್ಟ್ರಾಬೆರಿ ಬೆಳೀತಾರೆ.

ಇನ್ನೊಂದು ಸಾಕ್ಷಿ ಇದೆ, ಅದನ್ನ ಕೇಳಿಸ್ಕೊಳ್ಳೋಕೆ ನಮ್ಮಂಥೋರಿಗೆ ಸಬ್‌ಟೈಟಲ್ಲೇ ಬೇಡ. ರೆವಲ್ಯೂಷನ್ಸ್‌ನ ಕೊನೇ ಕಾಳಗದ ಹಿಂದೆ ಬರೋ ಕೋರಸ್ಸು, ಹೆಸರುಗಳು ಓಡೋವಾಗ ಬರೋ ನವರಸ್ ಅನ್ನೋ ಟ್ರ್ಯಾಕು, ಎರಡರಲ್ಲೂ ಹಾಡೋದು ಬೃಹದಾರಣ್ಯಕ ಉಪನಿಷತ್ತಿನ "ಅಸತೋ ಮಾ ಸದ್ಗಮಯ". ಸ್ಕೂಲಲ್ಲಿ ಪ್ರೇಯರ್‌ಗೆ ಹೇಳಿ ಹೇಳಿ ಬಾಯಿಪಾಠ ಆಗಿರೋ ಸಾಲು. ಇಲ್ಲದ್ದರಿಂದ ಇರೋದರ ಕಡೆಗೆ ಕರ್ಕೊಂಡ್ ಹೋಗು ಅಂತ ಕೇಳ್ಕೊಳ್ಳೋ ಪ್ರಾರ್ಥನೆ ಅದು. ಹೋಗೋಕೆ ನಿಜ ಅನ್ನೋದೇ ಒಂದು ಇಲ್ಲ ಅಂದ್ರೆ ಅಂಥ ಪ್ರಾರ್ಥನೇನ ಅಲ್ಲಿ ತಂದು ಇಡ್ತಿದ್ರಾ?

ಅದಕ್ಕೆ ಈ ಥಿಯರಿ ಯಾರಿಗೆ ಸರಿ ಅಂದ್ರೆ, ರೀಲೋಡೆಡ್‌ಗೇ ನಿಲ್ಸೋರಿಗೆ. ಒಂದ್ಸಲ ಹಾಗೆ ನೋಡಿ, ಮೂರನೇದು ಬಂದೇ ಇಲ್ಲ ಅಂದ್ಕೊಂಡು, ಆ ಭಯ ಚೆನ್ನಾಗಿರುತ್ತೆ. ಇಡೀ ಕಥೆಗೆ ಮಾತ್ರ ಹೊಂದಲ್ಲ.

ಸ್ಮಿತ್ತೇ ನಿಜವಾದ ಒನ್ ಅನ್ನೋ ಥಿಯರಿ ಮೊದಲು ಕೇಳಿದಾಗ ತಲೆ ತಿರುಕ ಅನ್ಸುತ್ತೆ, ಆದ್ರೆ ನಿಯೋನ ಎಬ್ಬಿಸಿದ ಹಡಗಿನ ನಾಯಕ ಮಾರ್ಫಿಯಸ್ ಹೇಳೋ ಭವಿಷ್ಯವಾಣೀನ ಒಂದೊಂದೇ ಮಾತು ಹಿಡ್ಕೊಂಡು ನೋಡಿದ್ರೆ ಗಾಬರಿ ಆಗುತ್ತೆ. ಮ್ಯಾಟ್ರಿಕ್ಸ್ ಒಳಗೇ ಹುಟ್ಟಿದೋನು ಅಂತ ಇದೆ, ನಿಯೋ ಹುಟ್ಟಿದ್ದು ಹೊರಗೆ ತೊಟ್ಟೀಲಿ, ಒಳಗೇ ಹುಟ್ಟಿದೋನು ಅಂದ್ರೆ ಸ್ಮಿತ್. ತನಗೆ ಬೇಕಾದ ಹಾಗೆ ಆ ಲೋಕಾನ ಬದಲಾಯಿಸೋನು ಅಂತ ಇದೆ, ಮೂರನೇ ಸಿನಿಮಾ ಕೊನೆಗೆ ಊರಿಗೆ ಊರೇ ಸ್ಮಿತ್ ಮುಖ ಹೊತ್ಕೊಂಡು ಮಳೇಲಿ ನಿಂತಿರುತ್ತೆ, ಇದಕ್ಕಿಂತ ಬದಲಾವಣೆ ಇನ್ನೇನು. ಅವನು ಬಂದ್ರೆ ಯುದ್ಧ ಮುಗಿಯುತ್ತೆ ಅಂತ ಇದೆ, ಯುದ್ಧ ನಿಂತಿದ್ದು ಸ್ಮಿತ್ ಅಳಿದಾಗ್ಲೇ, ಅವನು ಮಷೀನ್‌ಗಳ ಕೈ ಮೀರಿ ಬೆಳೀದೇ ಇದ್ದಿದ್ರೆ ನಿಯೋ ಹತ್ರ ಚೌಕಾಸಿ ಮಾಡೋಕೆ ಏನೂ ಇರ್ತಿರ್ಲಿಲ್ಲ. ರೀಲೋಡೆಡ್‌ನಲ್ಲಿ ಅವನ ಕಾರಿನ ನಂಬರ್ ಪ್ಲೇಟಲ್ಲಿ ಐ ಎಸ್ 5416 ಅಂತಿದೆ, ಬೈಬಲ್ಲಿನ ಯೆಶಾಯ 54ನೇ ಅಧ್ಯಾಯದ 16ನೇ ವಚನ, ಕಮ್ಮಾರನನ್ನೂ ನಾಶ ಮಾಡೋನನ್ನೂ ನಾನೇ ಸೃಷ್ಟಿ ಮಾಡಿದೆ ಅಂತ ದೇವ್ರು ಹೇಳೋ ಮಾತು ಅದು, ಇಂಗ್ಲಿಷಲ್ಲಿ ಕಮ್ಮಾರ ಅಂದ್ರೆ ಸ್ಮಿತ್ ತಾನೇ.

ಇದರ ದೊಡ್ಡ ಲಾಭ ಏನು ಅಂದ್ರೆ ಬಂಡಾಯ ಮನುಷ್ಯರ ಸ್ವತ್ತು ಮಾತ್ರ ಅಲ್ಲ ಅಂತ ತೋರಿಸುತ್ತೆ. ಸ್ಮಿತ್ ನಿಯೋ ಕೈಲಿ ನಾಶ ಆದ್ಮೇಲೆ ಅಳಿಸಿ ಹೋಗೋಕೆ ವಾಪಸ್ ಹೋಗ್ಬೇಕಿತ್ತು, ಹೋಗಲ್ಲ, ಏಜೆಂಟ್ ಕಿವೀಲಿರೋ ಆ ವೈರ್ ಕಳಚಿ ನಿಯೋಗೇ ಕಳ್ಸಿಕೊಡ್ತಾನೆ. ಇಡೀ ಸರಣೀಲಿ ಕಂಟ್ರೋಲಿಂದ ಪೂರ್ತಿ ಬಿಡಿಸ್ಕೊಂಡೋನು ಅವನೊಬ್ನೇ, ಬಿಡಿಸ್ಕೊಂಡು ಮಾಡಿದ್ದು ಏನು, ಎಲ್ರನ್ನೂ ತನ್ನ ಹಾಗೇ ಮಾಡಿದ್ದು. ತನ್ನನ್ನ ಕಟ್ಟಿಹಾಕಿದ್ದ ಹಗ್ಗದಲ್ಲೇ ಊರನ್ನೆಲ್ಲಾ ಕಟ್ಟಿದ. ಇಲ್ಲೇ ನನ್ನ ತಕರಾರೂ ಇರೋದು. ಭವಿಷ್ಯವಾಣೀಲಿ ಇನ್ನೊಂದು ಮಾತಿದೆ, ಅವನು ನಮ್ಮ ಜನಕ್ಕೆ ಬಿಡುಗಡೆ ತರ್ತಾನೆ ಅಂತ, ಸ್ಮಿತ್ ಒಬ್ಬ ನರಪಿಳ್ಳೇನೂ ಬಿಡ್ಸಿಲ್ಲ. ಅದಕ್ಕೆ ಅವನನ್ನ ಒನ್ ಅನ್ನೋದಕ್ಕಿಂತ ಒರಾಕಲ್ ಹೇಳಿದ್ದೇ ಸರಿ, ಅವನು ನಿನ್ನ ಉಲ್ಟಾ, ಲೆಕ್ಕ ಸಮ ಆಗೋಕೆ ಹುಟ್ಕೊಂಡಿರೋನು ಅಂತ ನಿಯೋಗೆ ಹೇಳ್ತಾಳಲ್ಲ. ಎರಡನೇ ಮೂರನೇ ಸಲ ನೋಡೋರು ಸ್ಮಿತ್ ಬರೋ ಸೀನ್‌ಗಳಿಗೆ ಮಾತ್ರ ಈ ಕನ್ನಡಕ ಹಾಕ್ಕೊಳ್ಳಿ, ತುಂಬಾ ಸಿಗುತ್ತೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಜಾಗಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಉದ್ದ ಆಗುತ್ತೆ.

ಝಯಾನೇ ಒಂದು ಕಂಟ್ರೋಲ್ ಅನ್ನೋದು ಥಿಯರಿ ಅಲ್ಲ, ಸಿನಿಮಾದಲ್ಲೇ ಹೇಳ್ತಾರೆ. ಮೊದಲ ಮ್ಯಾಟ್ರಿಕ್ಸ್ ಸ್ವರ್ಗದ ಥರ ಕಟ್ಟಿದ್ರು, ಜನ ಒಪ್ಲಿಲ್ಲ, ತೊಟ್ಟೀಲಿದ್ದ ಮನುಷ್ಯರ ಬೆಳೆ ಬೆಳೇನೇ ಹಾಳಾಯ್ತು. ಆಮೇಲೆ ಮನುಷ್ಯರ ಇತಿಹಾಸದ ಕ್ರೌರ್ಯ ಎಲ್ಲಾ ತುಂಬಿ ಇನ್ನೊಂದು ಕಟ್ಟಿದ್ರು, ಅದೂ ನಿಲ್ಲಿಲ್ಲ. ಆಗ ಒರಾಕಲ್ ಕಂಡುಹಿಡಿದಿದ್ದು ಆಯ್ಕೆಯ ಉಪಾಯ. ಅದನ್ನೂ ಒಪ್ಪದೇ ಇರೋರನ್ನ ಹೊರಗೆ ಬಿಡ್ತಾರೆ, ಅವರು ಝಯಾನ್ ಕಟ್ಕೋತಾರೆ, ಅವರ ಮಧ್ಯೆ ಒಬ್ಬ ಒನ್ ಬರ್ತಾನೆ, ಅವನು ಮೂಲಕ್ಕೆ ಹೋಗಿ ತನ್ನ ಕೋಡ್ ಒಪ್ಪಿಸ್ತಾನೆ, ಝಯಾನ್ ನಾಶ ಆಗುತ್ತೆ, ಅವನು 16 ಹೆಂಗಸರು 7 ಗಂಡಸರು ಅಂತ 23 ಜನರನ್ನ ಆರಿಸ್ಕೊಂಡು ಮತ್ತೆ ಮೊದಲಿಂದ ಶುರು ಮಾಡ್ತಾನೆ. ಐದು ಸಲ ಹೀಗೇ ಆಗಿದೆ, ನಿಯೋ ಆರನೇಯವನು. ಒಂದು ಮಾತಲ್ಲಿ ಹೇಳ್ಬೇಕಂದ್ರೆ ಝಯಾನ್ ಕುಕ್ಕರಿನ ವಿಶಲ್ಲು. ಆವಿ ಹೋಗೋಕೆ ದಾರಿ ಬಿಟ್ಟಿರೋದು ಅನ್ನದ ಮೇಲಿನ ಪ್ರೀತಿಗಲ್ಲ, ಕುಕ್ಕರ್ ಸಿಡೀಬಾರ್ದು ಅಂತ.

ಇಲ್ಲಿಂದ ದಾರಿ ಎರಡಾಗುತ್ತೆ. ಒಂದು ಗುಂಪು ಹೇಳೋದು, ಹಾಗಾದ್ರೆ ಬಂಡಾಯ ಅನ್ನೋದೇ ನಾಟಕ, ಮಾರ್ಫಿಯಸ್ ನಂಬಿಕೆ, ಹಡಗಲ್ಲಿ ಸತ್ತೋರು, ಎಲ್ಲಾ ಮಷೀನ್ ಬರೆದ ಸ್ಕ್ರಿಪ್ಟು, ಕೊನೆಗೆ ಬಂದ ಶಾಂತೀನೂ ಆರನೇ ಸಲದ ರೀಬೂಟು ಅಂತ. ಇನ್ನೊಂದು ಗುಂಪು ಹೇಳೋದು ಇದು ಒರಾಕಲ್‌ನ ದೀರ್ಘ ಆಟ, ಅದೇ ಸ್ಕ್ರಿಪ್ಟನ್ನ ಅವಳು ಒಳಗಿಂದಾನೇ ತಿದ್ದಿದ್ಳು ಅಂತ. ನಾನು ಎರಡನೇ ಕಡೆ, ಯಾಕೆ ಅಂತ ಹೇಳ್ತೀನಿ.

ಹಿಂದಿನ ಐದು ಜನಕ್ಕೂ ನಿಯೋಗೂ ಇರೋ ವ್ಯತ್ಯಾಸಾನ ಆರ್ಕಿಟೆಕ್ಟೇ ಬಾಯ್ಬಿಟ್ಟು ಹೇಳ್ತಾನೆ. ಅವರಿಗೆಲ್ಲಾ ಮನುಷ್ಯಕುಲ ಅನ್ನೋದರ ಮೇಲೆ ಒಟ್ಟಾರೆ ಪ್ರೀತಿ ಇತ್ತು, ನಿಯೋಗೆ ಇರೋದು ಒಬ್ಬಳ ಮೇಲೆ. ಎರಡು ಬಾಗಿಲಿಟ್ಟಾಗ ಹಿಂದಿನೋರು ಲೆಕ್ಕಾಚಾರದ ಬಾಗಿಲಿಗೆ ಹೋದ್ರು, ಇವ್ನು ಟ್ರಿನಿಟಿ ಕಡೆ ಓಡ್ದ. ಅವಳನ್ನ ಅಲ್ಲಿ ತಂದಿಟ್ಟಿದ್ದು ಯಾರು? ಮೊದಲ ಸಿನಿಮಾದಲ್ಲೇ ಇದೆ, ನೀನು ಪ್ರೀತಿಸೋನೇ ಒನ್ ಆಗಿರ್ತಾನೆ ಅಂತ ಟ್ರಿನಿಟಿಗೆ ಹೇಳಿದ್ದು ಒರಾಕಲ್. ನಿಯೋಗೆ ನೀನೇ ಒನ್ ಅಂತ ಹೇಳ್ದೇ ಇದ್ದಿದ್ದೂ ಅವಳೇ. ಹೇಳಿದ್ದಿದ್ರೆ ಅವನು ಮಾರ್ಫಿಯಸ್ಸನ್ನ ಬಿಡಿಸೋಕೆ ಹೋಗ್ತಿದ್ದಿದ್ದು ತಾನು ಒನ್ ಅನ್ನೋ ಧೈರ್ಯದ ಮೇಲೆ, ಹೇಳ್ದೇ ಇದ್ದಿದ್ದಕ್ಕೆ ಹೋಗಿದ್ದು ಆ ಮನುಷ್ಯನ ಮೇಲಿನ ಅಕ್ಕರೆಗೆ. ಹೂದಾನಿ ಸೀನೂ ಇದೇನೇ, ಹೂದಾನಿ ಬಗ್ಗೆ ಚಿಂತೆ ಮಾಡ್ಬೇಡ ಅಂತಾಳೆ, ಯಾವ ಹೂದಾನಿ ಅಂತ ತಿರುಗ್ತಾನೆ, ಒಡೆದೋಗುತ್ತೆ, ನಾನು ಹೇಳ್ದೇ ಇದ್ದಿದ್ರೂ ಒಡೀತಿದ್ಯಾ ಅಂತ ಕೇಳ್ತಾಳೆ. ಅವಳು ಹೇಳೋ ಭವಿಷ್ಯ ಎಲ್ಲಾ ಹಿಂಗೇ, ಮುಂದೇನಾಗುತ್ತೆ ಅಂತ ತಿಳಿಸೋದಕ್ಕಲ್ಲ, ಮುಂದೆ ಒಂದು ಕಡೆಗೆ ತಿರುಗಿಸೋದಕ್ಕೆ.

ಹಾಗಿದ್ರೆ ಅದೂ ಕಂಟ್ರೋಲೇ ಅಲ್ವಾ ಅಂತ ತಮ್ಮ ಕೇಳ್ದ, ಪ್ರಶ್ನೆ ಸರಿಯಾಗೇ ಇದೆ. ಹೌದು, ಅವಳೂ ದಾರ ಎಳೀತಾಳೆ, ನಿಯೋನೇ ಎರಡನೇ ಸಿನಿಮಾದಲ್ಲಿ ಅವಳೂ ಮಷೀನ್ ಲೋಕದ ಪ್ರೋಗ್ರಾಮು ಅಂತ ಮುಖಕ್ಕೆ ಹೇಳ್ತಾನೆ, ಅವಳು ಅಲ್ಲಗಳೆಯಲ್ಲ, ನಂಬೋದು ಬಿಡೋದು ನಿನಗೆ ಬಿಟ್ಟಿದ್ದು ಅಂತಾಳೆ. ವ್ಯತ್ಯಾಸ ಇರೋದು ಆಟದ ಕೊನೇಲಿ. ಆರ್ಕಿಟೆಕ್ಟ್ ತನ್ನ ಆಟದಲ್ಲಿ ತಾನು ಯಾವತ್ತೂ ಹಲಗೆ ಮೇಲೆ ಇರಲ್ಲ, ಟಿವಿಗಳ ಮುಂದೆ ಕುರ್ಚೀಲಿ ಕೂತಿರ್ತಾನೆ. ಒರಾಕಲ್ ತಾನೇ ಕಾಯಿ ಆಗ್ತಾಳೆ. ಸ್ಮಿತ್ ಬರ್ತಾನೆ ಅಂತ ಗೊತ್ತಿದ್ರೂ ಅಡುಗೆಮನೇಲೇ ಕೂತಿರ್ತಾಳೆ, ಓಡಲ್ಲ, ಅವನು ಅವಳನ್ನ ನುಂಗ್ತಾನೆ. ಅವಳ ಕಣ್ಣು ಸಿಕ್ಕಿದ್ಮೇಲೆ ಮುಂದಾಗೋದೆಲ್ಲಾ ತನಗೆ ಕಾಣ್ತಿದೆ ಅಂತ ಸ್ಮಿತ್ ಬೀಗ್ತಾನೆ. ಆದ್ರೆ ಕೊನೇ ಹೊಡೆದಾಟದ ಮಧ್ಯ ಅವನು ತಡವರಿಸಿ, ಇಲ್ಲಿ ನಾನೇನೋ ಹೇಳ್ಬೇಕು ಅಂತ ನಿಂತು, ಶುರು ಇರೋದಕ್ಕೆಲ್ಲಾ ಕೊನೆ ಇದೆ ಅನ್ನೋ ಮಾತು ಆಡ್ತಾನೆ, ಆಡಿ ತಾನೇ ಹೆದರ್ತಾನೆ. ಆ ಮಾತು ಮೊದಲು ನಿಯೋಗೆ ಹೇಳಿದ್ದು ಒರಾಕಲ್. ಅದಾದ್ಮೇಲೆ ನಿಯೋ ಹೊಡೆದಾಟ ನಿಲ್ಸಿ ಸ್ಮಿತ್ ತನ್ನನ್ನ ನುಂಗೋಕೆ ಬಿಟ್ಕೊಡ್ತಾನೆ, ಮಷೀನ್‌ಗಳು ಅವನ ಮೈ ಮೂಲಕ ಸ್ಮಿತ್‌ನ ಅಳಿಸ್ತವೆ, ಎಲ್ಲಾ ಮುಗಿದು ಆ ಗುಂಡೀಲಿ ನೀರಲ್ಲಿ ಬಿದ್ದಿರೋದು ಯಾರು ನೋಡಿ, ಒರಾಕಲ್. ಅಂದ್ರೆ ನಿಯೋ ಎದುರಿಗೆ ಇಡೀ ಹೊತ್ತು ಹೊಡೆದಾಡ್ತಿದ್ದ ಸ್ಮಿತ್ ಅವಳನ್ನ ನುಂಗಿದ ಸ್ಮಿತ್ತೇ, ಒಳಗಿಂದ ಆ ಮಾತು ಆಡ್ಸಿದ್ದು ಅವಳೇ ಅಂತ ನನಗೆ ಅನುಮಾನಾನೇ ಇಲ್ಲ.

ಬಂಡಾಯ ನಾಟಕ ಅನ್ನೋರಿಗೆ ನನ್ನ ಇನ್ನೊಂದು ಉತ್ತರ ಕೊನೇ ಸೀನು. ಆರ್ಕಿಟೆಕ್ಟ್ ಬಂದು ನೀನು ಅಪಾಯದ ಆಟ ಆಡಿದೆ ಅಂತಾನೆ. ಆಟ ಮೊದ್ಲೇ ಬರೆದಿಟ್ಟಿದ್ರೆ ಅಪಾಯ ಎಲ್ಲಿಂದ ಬರುತ್ತೆ? ಹೊರಗೆ ಹೋಗ್ಬೇಕು ಅನ್ನೋರನ್ನ ಬಿಡ್ತೀವಿ ಅಂತ ಅವನು ಒಪ್ಕೊಂಡು ಹೋಗ್ತಾನೆ, ಹಿಂದಿನ ಐದು ಸಲ ಇಂಥ ಮಾತೇ ಇರ್ಲಿಲ್ಲ. ಇದು ಪೂರ್ತಿ ಗೆಲುವಲ್ಲ, ಮ್ಯಾಟ್ರಿಕ್ಸ್ ಉಳ್ಕೊಂಡಿದೆ, ಕೋಟಿಗಟ್ಟಲೆ ಜನ ಇನ್ನೂ ತೊಟ್ಟೀಲೇ ಇದಾರೆ. ಆದ್ರೆ ವಿಶಲ್ಲು ಅಂತ ಇಟ್ಟಿದ್ದ ತೂತು ಬಾಗಿಲಾಯ್ತು, ಅದು ಸಣ್ಣ ವಿಷಯ ಅಲ್ಲ.

ಒರಾಕಲ್ ಥಿಯರಿಯ ಕೊರತೇನೂ ಹೇಳ್ಬಿಡ್ತೀನಿ. ಇದನ್ನ ಅತಿ ಮಾಡಿದ್ರೆ ನಿಯೋ, ಟ್ರಿನಿಟಿ, ಮಾರ್ಫಿಯಸ್ ಎಲ್ರೂ ಗೊಂಬೆಗಳಾಗಿ ಅಜ್ಜಿ ಒಬ್ಳೇ ಉಳೀತಾಳೆ. ಅದನ್ನ ತಡೆಯೋದು ಅವಳ ಪಕ್ಕದಲ್ಲಿರೋ ಸೆರಾಫ್ ಕೇಳೋ ಪ್ರಶ್ನೆ, ನಿನಗೆ ಇದೆಲ್ಲಾ ಮೊದ್ಲೇ ಗೊತ್ತಿತ್ತಾ ಅಂತ. ಇಲ್ಲ, ಆದ್ರೆ ನಂಬಿದ್ದೆ ಅಂತಾಳೆ. ಗೊತ್ತಿರ್ಲಿಲ್ಲ ಅನ್ನೋದು ಮುಖ್ಯ, ಅಲ್ಲಿ ಬೇರೆಯೋರ ಆಯ್ಕೆಗೆ ಜಾಗ ಇತ್ತು.

ಮಷೀನ್‌ಗಳೇ ಕರುಣೆ ತೋರ್ಸಿದ್ವು ಅನ್ನೋ ಥಿಯರಿ ಅನಿಮೇಟ್ರಿಕ್ಸ್ ನೋಡಿದೋರಲ್ಲಿ ಜಾಸ್ತಿ. ಅದರಲ್ಲಿ ಸೆಕೆಂಡ್ ರೆನೆಸಾನ್ಸ್ ಅಂತ ಎರಡು ಭಾಗದ ಕಥೆ ಇದೆ, ನಿರ್ದೇಶನ ಮಹಿರೊ ಮಾಯೆದಾ. ಬಿ1-66ಇಆರ್ ಅನ್ನೋ ರೋಬೋ ತನ್ನನ್ನ ಕೊಲ್ಲೋಕೆ ಬಂದೋರನ್ನ ಕೊಂದು, ನನಗೆ ಸಾಯೋಕೆ ಇಷ್ಟ ಇರ್ಲಿಲ್ಲ ಅನ್ನುತ್ತೆ, ಅಲ್ಲಿಂದ ಶುರು. ಮಷೀನ್‌ಗಳು ಝೀರೋ ಒನ್ ಅಂತ ತಮ್ಮದೇ ದೇಶ ಕಟ್ಕೋತವೆ, ವಿಶ್ವಸಂಸ್ಥೆಗೆ ಸೇರಿಸ್ಕೊಳ್ಳಿ ಅಂತ ಬರ್ತವೆ, ಮನುಷ್ಯರು ಬಾಗಿಲು ಹಾಕ್ತಾರೆ, ಬಾಂಬ್ ಹಾಕ್ತಾರೆ, ಕೊನೆಗೆ ಆಕಾಶಾನೇ ಸುಡ್ತಾರೆ. ಇದನ್ನ ನೋಡಿದ್ಮೇಲೆ ಮೊದಲ ಸಿನಿಮಾ ಮೊದಲಿನ ಹಾಗೆ ಕಾಣಲ್ಲ, ಮನುಷ್ಯರು ಎಲ್ಲಾ ಬಾಗಿಲೂ ಮುಚ್ಚಿದ್ಮೇಲೂ ಅವರನ್ನ ಬದುಕ್ಸಿಟ್ರು ಅಂತ ಅನ್ಸೋಕೆ ಶುರುವಾಗುತ್ತೆ.

ಇದರ ಜೊತೆಗೇ ಬರೋದು ಬ್ಯಾಟರಿ ವಾದ. ಮಾರ್ಫಿಯಸ್ ಹೇಳೋದು ಮನುಷ್ಯನ ಮೈಯಿಂದ 25,000 ಬಿಟಿಯು (ಶಾಖ ಅಳೆಯೋ ಒಂದು ಮಾನ) ಶಾಖ ಸಿಗುತ್ತೆ ಅಂತ. ಅದನ್ನ ದಿನದ ಲೆಕ್ಕ ಅಂತಾನೇ ಇಟ್ಕೊಂಡ್ರೂ 6,300 ಕ್ಯಾಲರಿ ಹತ್ರ ಆಗುತ್ತೆ, ನಾವು ದಿನಕ್ಕೆ ತಿನ್ನೋದು 2,000ದಿಂದ 2,500. ಸುಮ್ನೆ ಮಲಗಿರೋ ಮೈ 100 ವ್ಯಾಟ್ ಹತ್ರ ಶಾಖ ಕೊಡುತ್ತೆ, ಅದಕ್ಕೆ ಹಾಕೋ ಊಟದ ಶಕ್ತಿಯೂ ಅಷ್ಟೇ ಇರುತ್ತೆ, ಇಲ್ಲಾಂದ್ರೆ ಇನ್ನೂ ಜಾಸ್ತಿ. ಕೊಟ್ಟಿದ್ದಕ್ಕಿಂತ ಹೆಚ್ಚು ವಾಪಸ್ ಬರೋಕೆ ಸಾಧ್ಯಾನೇ ಇಲ್ಲ. ಅದಕ್ಕೇ ಕೆಲವರು ಮಷೀನ್‌ಗಳು ಮೆದುಳನ್ನ ಲೆಕ್ಕ ಮಾಡೋಕೆ ಬಳಸ್ತಿವೆ, 20 ವ್ಯಾಟಲ್ಲಿ ಓಡೋ ಅಂಥ ಕಂಪ್ಯೂಟರ್ ಇನ್ನೆಲ್ಲಿ ಸಿಗುತ್ತೆ ಅಂತಾರೆ. ಲೆಕ್ಕ ಇಷ್ಟಪಡೋರು ಬ್ಯಾಟರಿ ಬಿಟ್ಟು ಇದನ್ನೇ ಹಿಡ್ಕೊಳ್ಳಿ, ಕಥೆಗೆ ಏನೂ ಪೆಟ್ಟಾಗಲ್ಲ.

ಕರುಣೆ ಥಿಯರಿ ಪೂರ್ತಿ ಒಪ್ಪೋಕೆ ಮಾತ್ರ ನನಗೆ ಆಗಲ್ಲ, ಐದು ಸಲ ಝಯಾನ್ ಸಾಯ್ಸಿದೋರು, ಆರನೇ ಸಲ ಒಬ್ಬೊಬ್ಬ ಮನುಷ್ಯಂಗೆ ಒಂದೊಂದರಂತೆ ಎರಡೂವರೆ ಲಕ್ಷ ಸೆಂಟಿನೆಲ್ ಕಳ್ಸಿದೋರು ಅವರು, ಅದಕ್ಕೆ ಕರುಣೆ ಅನ್ನೋ ಹೆಸರು ಕೊಡ್ಬಾರ್ದು. ಆದ್ರೆ ಇದು ಕಲಿಸೋದು ಒಂದಿದೆ, ಮಷೀನ್ ಅಂದ್ರೆ ಒಂದೇ ಮುದ್ದೆ ಅಲ್ಲ ಅಂತ. ಮೂರನೇ ಸಿನಿಮಾದ ರೈಲ್ವೆ ಸ್ಟೇಷನ್ನಲ್ಲಿ ರಾಮ ಕಂದ್ರ, ಕಮಲ, ಮಗಳು ಸತಿ ಅಂತ ಒಂದು ಪ್ರೋಗ್ರಾಮ್ ಸಂಸಾರ ಕೂತಿರುತ್ತಲ್ಲ, ಆ ಮಗೂಗೆ ಯಾವ ಕೆಲಸಾನೂ ಹಚ್ಚಿಲ್ಲ, ಕೆಲಸ ಇಲ್ಲದ ಪ್ರೋಗ್ರಾಮನ್ನ ಅವರ ಲೋಕದಲ್ಲಿ ಅಳಿಸ್ತಾರೆ, ಅಪ್ಪ ಅಮ್ಮ ಅವಳನ್ನ ಕಳ್ಳದಾರೀಲಿ ಸಾಗಿಸ್ತಿದಾರೆ. ಉಪಯೋಗ ಇಲ್ಲದೋರಿಗೆ ಬದುಕೋ ಹಕ್ಕಿಲ್ಲ ಅನ್ನೋ ಕಾನೂನು ಆ ಕಡೇನೂ ಇದೆ, ಅದರ ವಿರುದ್ಧ ಸದ್ದಿಲ್ದೆ ನಡೀತಿರೋ ಬಂಡಾಯಾನೂ ಇದೆ.

ಕೊನೇದು ಥಿಯರಿ ಅನ್ನೋದೇ ತಪ್ಪು, ಮಾಡಿದೋರೇ ಹೇಳಿರೋದು. ಲಾನಾ 2012ರಲ್ಲಿ, ಲಿಲ್ಲಿ 2016ರಲ್ಲಿ ತಾವು ಟ್ರಾನ್ಸ್ ಹೆಣ್ಮಕ್ಕಳು ಅಂತ ಎಲ್ರ ಮುಂದೆ ಹೇಳ್ಕೊಂಡ್ರು, 2020ರಲ್ಲಿ ಲಿಲ್ಲಿ ಮಾತಾಡ್ತಾ ಮ್ಯಾಟ್ರಿಕ್ಸ್‌ನ ಮೂಲ ಉದ್ದೇಶಾನೇ ಟ್ರಾನ್ಸ್ ಕಥೆ ಆಗಿತ್ತು, ಆದ್ರೆ ಆಗಿನ ಕಾರ್ಪೊರೇಟ್ ಲೋಕ ಅದಕ್ಕೆ ತಯಾರಿರ್ಲಿಲ್ಲ ಅಂದ್ರು. ಸ್ವಿಚ್ ಅನ್ನೋ ಪಾತ್ರ ಹೊರಗಿನ ಲೋಕದಲ್ಲಿ ಗಂಡು, ಮ್ಯಾಟ್ರಿಕ್ಸ್ ಒಳಗೆ ಹೆಣ್ಣು ಅಂತ ಬರೆದಿದ್ರಂತೆ. ಇದು ಗೊತ್ತಾದ್ಮೇಲೆ ಒಂದು ಸೀನ್ ನನಗೆ ಮೊದಲಿನ ಹಾಗೆ ನೋಡೋಕೇ ಆಗಿಲ್ಲ. ಸಬ್‌ವೇನಲ್ಲಿ ಸ್ಮಿತ್ ನಿಯೋನ ಹಳಿ ಮೇಲೆ ಒತ್ತಿ ಹಿಡ್ದು, ಎದುರಿಗೆ ರೈಲು ಬರ್ತಿದೆ, ಮಿಸ್ಟರ್ ಆಂಡರ್ಸನ್ ಮಿಸ್ಟರ್ ಆಂಡರ್ಸನ್ ಅಂತ ಹಳೇ ಹೆಸರಲ್ಲೇ ಕರೀತಾನೆ. ಅವ್ನು ಉಸಿರು ಕಟ್ಟೋ ಹೊತ್ತಲ್ಲಿ ನನ್ನ ಹೆಸರು ನಿಯೋ ಅಂತಾನೆ, ಅದಾದ್ಮೇಲೇನೇ ಬಿಡಿಸ್ಕೊಳ್ಳೋಕೆ ಬಲ ಬರೋದು. ಕಂಟ್ರೋಲ್ ಅನ್ನೋದು ಇಲ್ಲಿ ತೊಟ್ಟಿ, ಕೇಬಲ್ ಏನೂ ಅಲ್ಲ, ಬೇರೆಯೋರು ನಿಮ್ಮ ಮೇಲೆ ಹೇರೋ ಹೆಸರು. ಈ ಓದನ್ನ ಮೇಲಿನ ಯಾವ ಥಿಯರಿ ಜೊತೆಗೂ ಇಟ್ಕೋಬೋದು, ಯಾವ ಸೀನನ್ನೂ ಇದು ಕಿತ್ಕೊಳ್ಳಲ್ಲ. ನಿಜ ನೋಡೋಕೆ ನಿಯೋ ನುಂಗೋ ಕೆಂಪು ಮಾತ್ರೆ ಅನ್ನೋ ಮಾತನ್ನ ಇವತ್ತು ಹೆಣ್ಮಕ್ಕಳನ್ನ ಬೈಯೋಕೆ, ಟ್ರಾನ್ಸ್ ಜನರನ್ನೇ ಹೀಗಳೆಯೋಕೆ ಬಳಸೋ ಗುಂಪುಗಳಿವೆ, ಅದನ್ನ ನೋಡಿದಾಗೆಲ್ಲಾ ನನಗೆ ಸಂಕಟ ಆಗುತ್ತೆ, ಆ ಮಾತ್ರೆ ಬರೆದ ಕೈ ಯಾರ್ದು ಅಂತ ಅವರಿಗೆ ಗೊತ್ತಾಗ್ಬೇಕು.

ಹಾಗಾದ್ರೆ ಆರಿಸೋದು ಹೇಗೆ. ಬರೀ 1999ರ ಸಿನಿಮಾ ಒಂದೇ ನೋಡೋರಾದ್ರೆ ಹೆಸರಿನ ಓದು ಸಾಕು, ಬೇರೆ ಥಿಯರಿ ಬೇಕಾಗೇ ಇಲ್ಲ. ಮೊದಲೆರಡು ನೋಡಿ ನಿಲ್ಸೋರು ಪದರದ ಥಿಯರಿ ಹಿಡ್ಕೊಳ್ಳಿ. ಮೂರೂ ನೋಡೋರಿಗೆ ಒರಾಕಲ್‌ನ ಆಟಾನೇ ನನ್ನ ಸಲಹೆ, ಸ್ಮಿತ್ ಥಿಯರೀನ ಅದರ ಬಗಲಲ್ಲಿ ಇಟ್ಕೊಳ್ಳಿ, ಎರಡಕ್ಕೂ ಜಗಳ ಇಲ್ಲ. ಅನಿಮೇಟ್ರಿಕ್ಸ್ ಮೊದಲು ನೋಡ್ಬೇಡಿ, ಮೊದಲ ಸಿನಿಮಾ ಆದ್ಮೇಲೆ ನೋಡಿ, ಇಲ್ಲಾಂದ್ರೆ ಮಾರ್ಫಿಯಸ್ ಮೇಲೆ ಹುಟ್ಟೋ ನಂಬಿಕೆ ಹುಟ್ಟೋದೇ ಇಲ್ಲ. ಎಲ್ಲಾ ನಾಟಕ ಅನ್ನೋ ದಾರೀನ ಯಾರಿಗೂ ಹೇಳಲ್ಲ, ಆ ಕಡೆಯಿಂದ ನೋಡಿದ್ರೆ ಆರು ಗಂಟೆ ಸಿನಿಮಾ ನೋಡಿದ್ರೂ ಕೈಗೆ ಏನೂ ಸಿಗಲ್ಲ.

ಇಷ್ಟೆಲ್ಲಾ ಕೂತು ನೋಡೋ ಪುರುಸೊತ್ತಿಲ್ಲ ಅಂದ್ರೆ ರೆವಲ್ಯೂಷನ್ಸ್‌ನ ಎರಡೇ ಸೀನ್ ನೋಡಿ, ನಮ್ಮ ಮನೇಲಿ ವಾದ ನಿಂತಿದ್ದು ಅಲ್ಲೇ. ಮೊದಲ್ನೇದು ಆ ಸ್ಟೇಷನ್ನು. ನೀವು ಕರ್ಮ ನಂಬ್ತೀರಾ ಅಂತ ನಿಯೋ ರಾಮ ಕಂದ್ರನ್ನ ಕೇಳ್ತಾನೆ, ಅವನು ಕರ್ಮ ಅನ್ನೋದು ಒಂದು ಪದ, ನಾನು ಇಲ್ಲಿ ಯಾವ ಕೆಲಸಕ್ಕೆ ಇದೀನಿ ಅಂತ ಹೇಳೋ ಒಂದು ರೀತಿ ಅಂತಾನೆ. ಎರಡನೇದು ಅಡುಗೆಮನೆ, ಸ್ಮಿತ್ ಕೈ ಮುಂದೆ ಮಾಡಿ ನಿಂತಿದಾನೆ, ಒರಾಕಲ್ ಅವನ ಮುಖ ನೋಡ್ಕೊಂಡು, ನೀನು ಯಾವ ಕೆಲಸಕ್ಕೆ ಇದೀಯೋ ಅದನ್ನ ಮಾಡು ಅಂತಾಳೆ. ಅದೇ ಮಾತು. ತಮ್ಮ ರಿಮೋಟ್ ಕಿತ್ಕೊಂಡು ಹಿಂದಕ್ಕೆ ಹೋಗಿ ಎರಡು ಸಲ ಕೇಳಿಸ್ಕೊಂಡ, ಆಮೇಲೆ ಅವನೇ ನಾಲ್ಕನೇದು ಹಾಕ್ದ.